ಹಂಗೇರಿ ಕಯಾಕರ್ ಒಬ್ರ ಕರಿಯರ್ ಓದೋದು ಹೇಗೆ? ಶ್ಟೋರ್ಟ್ಸ್ ಅವರ ಮೂರು ಚಿನ್ನ ಇಟ್ಕೊಂಡು ಒಂದು ಗೈಡ್

ಒಲಿಂಪಿಕ್ಸ್ ಟೈಮಲ್ಲಿ ನಮ್ಮನೇಲಿ ಕಯಾಕ್ ನೋಡೋದು ಹೇಗೆ ಅಂದ್ರೆ, ಬಾಕ್ಸಿಂಗೋ ಹಾಕಿನೋ ಹುಡುಕ್ತಾ ಇರ್ತೀವಿ, ನಡುವೆ ಸೂಜಿ ಥರದ ಎಂಟೊಂಬತ್ತು ದೋಣಿ ಸ್ಕ್ರೀನ್ ಮೇಲೆ ಬಂದುಬಿಡುತ್ತೆ, ಮೂರು ನಿಮಿಷದಲ್ಲಿ ಮುಗಿದೂ ಹೋಗುತ್ತೆ, ಹಂಗೇರಿನೋ ಜರ್ಮನಿನೋ ಗೆದ್ದಿರುತ್ತೆ, ನಾವು ಚಾನೆಲ್ ಬದಲಾಯಿಸ್ತೀವಿ. ನಾನೂ ಹಂಗೇ ಇದ್ದೋನು. ಆಮೇಲೆ ಒಂದ್ಸಲ ಬೋತೋಂದ್ ಶ್ಟೋರ್ಟ್ಸ್ ಅನ್ನೋರ ಬಗ್ಗೆ ಓದಕ್ಕೆ ಕೂತೆ, 1975ರಲ್ಲಿ ಬುದಪೆಶ್ತ್‌ನಲ್ಲಿ ಹುಟ್ಟಿದೋರು, ಮೂರು ಒಲಿಂಪಿಕ್ ಚಿನ್ನ, ಆಮೇಲೆ ಹಂಗೇರಿ ಟೀಮ್‌ನ ಹೆಡ್ ಕೋಚ್. ಇಷ್ಟು ಎರಡು ಸಾಲಲ್ಲಿ ಮುಗಿದುಹೋಗುತ್ತೆ, ಆದ್ರೆ ಆ ಎರಡು ಸಾಲಲ್ಲಿ ಏನೂ ಗೊತ್ತಾಗಲ್ಲ. ಅದನ್ನ ಬಿಡಿಸಿ ಓದೋದು ಹೇಗೆ ಅಂತ ನಾನು ಕಲ್ತಿರೋದನ್ನ ಇಲ್ಲಿ ಬರೀತಿದೀನಿ, ಶ್ಟೋರ್ಟ್ಸ್ ಅವರನ್ನ ಉದಾಹರಣೆಗೆ ಇಟ್ಕೊಂಡಿದೀನಿ ಅಷ್ಟೇ, ಇದೇ ರೀತಿ ಯಾವ ಕಯಾಕರ್‌ನ ಬೇಕಾದ್ರೂ ಓದಬಹುದು.

ಒಂದು ನೋಟ್‌ಬುಕ್ ತಗೊಳಿ. ಐದು ಕಾಲಂ ಹಾಕಿ: ವರ್ಷ, ದೋಣಿ, ಜೊತೇಲಿ ಕೂತೋರು, ಎಷ್ಟು ದೂರದಲ್ಲಿ ಗೆದ್ರು ಇಲ್ಲಾ ಸೋತ್ರು, ಆ ಇವೆಂಟ್ ಈಗ್ಲೂ ಇದೆಯಾ. ಇದ್ರಲ್ಲಿ ಮೂರನೇ ಕಾಲಂ ಅಗಲವಾಗಿ ಬಿಡಿ, ಯಾಕೆ ಅಂತ ಮುಂದೆ ಹೇಳ್ತೀನಿ.

ಮೊದ್ಲು ಹೆಸ್ರು

ಇದು ಸಣ್ಣ ವಿಷಯ ಅನ್ಸುತ್ತೆ, ಆದ್ರೆ ಹುಡುಕಕ್ಕೆ ಹೋದಾಗ ಅರ್ಧ ಗೊಂದಲ ಇಲ್ಲೇ ಶುರುವಾಗೋದು. ಹಂಗೇರಿಯವರು ಮನೆತನದ ಹೆಸ್ರನ್ನ ಮುಂದೆ ಹಾಕ್ತಾರೆ, ಹಂಗಾಗಿ ಅವರ ಪೇಪರಲ್ಲಿ 'ಶ್ಟೋರ್ಟ್ಸ್ ಬೋತೋಂದ್' ಅಂತ ಇರುತ್ತೆ, ಹೊರಗಿನ ರಿಸಲ್ಟ್ ಶೀಟಲ್ಲಿ ಉಲ್ಟಾ. ಇಬ್ರು ಬೇರೆ ಬೇರೆ ಅಂದ್ಕೋಬೇಡಿ. ಉಚ್ಚಾರಣೆಗೆ ನಾಲ್ಕೇ ನಾಲ್ಕು ನಿಯಮ ನೆನಪಿಟ್ಕೊಂಡ್ರೆ ಮುಕ್ಕಾಲು ಪಾಲು ಹೆಸ್ರು ಸರಿಯಾಗಿ ಬರುತ್ತೆ: ಬರೀ 'ಎಸ್' ಇದ್ರೆ ಅದು 'ಶ', 'ಎಸ್' ಪಕ್ಕ 'ಜೆಡ್' ಇದ್ರೆ 'ಸ', 'ಸಿ' ಪಕ್ಕ 'ಎಸ್' ಇದ್ರೆ 'ಚ', ಬರೀ 'ಸಿ' ಇದ್ರೆ 'ತ್ಸ'. ಹಂಗಾಗಿ ರೇಸ್ ನಡೆಯೋ ಊರು ಸೆಗೆದ್, ಶೆಗೆದ್ ಅಲ್ಲ. ಕತಲಿನ್ ಕೊವಾಚ್, ಕೊವಾಕ್ಸ್ ಅಲ್ಲ (ಕಾಮೆಂಟರಿಯವರು ಹಂಗೇ ಹೇಳ್ತಾರೆ, ಪಾಪ).

ಇನ್ನೊಂದು, ಹೆಂಗಸರ ಹೆಸರಲ್ಲಿ ಒಂದು ಪದದ ಕೊನೇಲಿ 'ನೇ' ಅಂತ ಬಂದ್ರೆ 'ಇಂಥವರ ಹೆಂಡತಿ' ಅಂತ ಅರ್ಥ. 1968ರ ಮೆಕ್ಸಿಕೋ ಒಲಿಂಪಿಕ್ಸ್‌ನಲ್ಲಿ ಅನ್ನಾ ಫೆಫ್ಫರ್ ಜೊತೆ ಬೆಳ್ಳಿ ಗೆದ್ದ ಕತಲಿನ್ ರೋಝ್ನ್ಯೋಯಿ ಮತ್ತೆ ಎಷ್ಟೋ ವರ್ಷ ಆದ್ಮೇಲೆ ದೊಡ್ಡ ಕೋಚ್ ಅಂತ ಹೆಸ್ರು ಬರೋ ಫಾಬಿಯಾನ್ನೇ ರೋಝ್ನ್ಯೋಯಿ ಕತಲಿನ್, ಇಬ್ರೂ ಒಬ್ರೇ. ಇದು ಗೊತ್ತಿಲ್ಲ ಅಂದ್ರೆ ಒಬ್ರ ಕರಿಯರ್ ಎರಡು ಜನರದ್ದಾಗಿ ಕಾಣುತ್ತೆ. ಇವರ ಹತ್ರ ಆಮೇಲೆ ಬರೋಣ.

ಹಾಂ, ಫೋನಲ್ಲಿ ಕನ್ನಡದಲ್ಲಿ ಟೈಪ್ ಮಾಡೋರಿಗೆ ಒಂದು ಮಾತು, ಕಯಾಕ್ ಅಂತ ಹೊಡೆದ್ರೆ ಕೀಬೋರ್ಡ್ ಅದನ್ನ 'ಕಾಯಕ' ಮಾಡುತ್ತೆ. ನಾನು ಎರಡು ಸಲ ಹಂಗೇ ಕಳ್ಸಿ ಬೈಸ್ಕೊಂಡಿದೀನಿ.

ದೋಣಿ ಕೋಡ್

ಕೆ-2 500 ಅಂದ್ರೆ ಕಯಾಕ್, ಇಬ್ರು, 500 ಮೀಟರ್. ಕೆ-4 1000 ಅಂದ್ರೆ ನಾಲ್ಕು ಜನ, ಒಂದು ಕಿಲೋಮೀಟರ್. 'ಸಿ' ಅಂತ ಬಂದ್ರೆ ಅದು ಕೆನೂ, ಒಂದು ಮಂಡಿ ಊರಿ ಕೂತು ಒಂದೇ ಕಡೆ ಅಲಗಿರೋ ಹುಟ್ಟಲ್ಲಿ ಹಾಕೋದು, ನಮಗೆ ಈಗ ಅದು ಬೇಡ. ಕಯಾಕಲ್ಲಿ ಕಾಲು ಮುಂದೆ ಚಾಚಿ ಕೂತು ಎರಡೂ ತುದೀಲಿ ಅಲಗಿರೋ ಪ್ಯಾಡಲ್ ಹಿಡೀತಾರೆ. ರೋಯಿಂಗ್ ಜೊತೆ ಕಲಸಬೇಡಿ, ರೋಯಿಂಗಲ್ಲಿ ಹೋಗೋ ದಿಕ್ಕಿಗೆ ಬೆನ್ನು ಹಾಕಿ ಕೂರ್ತಾರೆ, ಕಯಾಕಲ್ಲಿ ಮುಖ ಮಾಡಿ ಕೂರ್ತಾರೆ, ಎದುರಿಗೆ ಏನು ಬರ್ತಿದೆ ಅಂತ ಕಾಣುತ್ತೆ.

ಒಬ್ರ ಕಯಾಕ್ 5.2 ಮೀಟರ್ ಉದ್ದ, ಇಬ್ರದ್ದು 6.5, ನಾಲ್ಕು ಜನರದ್ದು 11 ಮೀಟರ್. ಈ ಮೂರು ನಂಬರ್ ಬರ್ಕೊಳ್ಳಿ, ಮುಂದೆ ಲೆಕ್ಕ ಹಾಕಕ್ಕೆ ಬೇಕಾಗುತ್ತೆ. ಒಬ್ರ ದೋಣಿಯ ಕನಿಷ್ಠ ತೂಕ 12 ಕೆಜಿ ಅಷ್ಟೇ, ಒಂದು ಗ್ಯಾಸ್ ಸಿಲಿಂಡರ್ ಖಾಲಿ ಇದ್ದಾಗ ಇರೋದಕ್ಕಿಂತ ಕಮ್ಮಿ.

ಹಂಗೇರಿ ಭಾಷೆಯ ಪೇಜ್ ತೆಗೆದ್ರೆ 'ಎಗ್ಯೆಶ್' ಅಂದ್ರೆ ಒಬ್ರು, 'ಪಾರೋಶ್' ಅಂದ್ರೆ ಇಬ್ರು, 'ನೇಗ್ಯೆಶ್' ಅಂದ್ರೆ ನಾಲ್ಕು ಜನ. ಟ್ರಾನ್ಸ್‌ಲೇಟ್ ಬಟನ್ ಒತ್ತಿದ್ರೆ ಈ ಪದಗಳನ್ನೇ ಕೆಡಿಸಿಬಿಡುತ್ತೆ, ಅದಕ್ಕೆ ಹೇಳಿದ್ದು.

ಈಗ ಶ್ಟೋರ್ಟ್ಸ್ ಅವರ ಒಲಿಂಪಿಕ್ ಚಿನ್ನ ಬರೀರಿ. 2000 ಸಿಡ್ನಿ, ಕೆ-4 1000. 2000 ಸಿಡ್ನಿ, ಕೆ-2 500. 2004 ಅಥೆನ್ಸ್, ಕೆ-4 1000. ಜೊತೆಗಾರರ ಕಾಲಂ ತುಂಬ್ಸಿ: ಎರಡು ಕೆ-4ನಲ್ಲೂ ಝೋಲ್ತಾನ್ ಕಮ್ಮೆರೆರ್, ಆಕೋಶ್ ವೆರೆತ್ಸ್ಕೆಯಿ, ಗಾಬೋರ್ ಹೋರ್ವಾತ್. ಕೆ-2ನಲ್ಲಿ ಮತ್ತೆ ಕಮ್ಮೆರೆರ್. ನೋಡಿ, ಬರ್ದ ತಕ್ಷಣ ಏನೋ ಕಾಣುತ್ತೆ. ಮೂರೂ ಚಿನ್ನ ಗುಂಪಿನ ದೋಣೀಲಿ, ನಾಲ್ಕು ವರ್ಷ ಬಿಟ್ಟು ಅದೇ ನಾಲ್ಕು ಜನ, ಕಮ್ಮೆರೆರ್ ಮೂರರಲ್ಲೂ ಇದಾರೆ. 'ಮೂರು ಚಿನ್ನ ಗೆದ್ದ ಶ್ಟೋರ್ಟ್ಸ್' ಅನ್ನೋ ಸಾಲಲ್ಲಿ ಇದ್ಯಾವ್ದೂ ಇರ್ಲಿಲ್ಲ.

ಟೈಮನ್ನ ಮೀಟರ್ ಮಾಡೋದು

ರಿಸಲ್ಟ್ ಶೀಟಲ್ಲಿ 0.516 ಸೆಕೆಂಡ್ ಅಂತ ಇದ್ರೆ ನಮಗೆ ಏನೂ ಅನ್ಸಲ್ಲ. ಅದನ್ನ ಮೀಟರ್ ಮಾಡ್ಬೇಕು. ಸಿಡ್ನೀಲಿ ಹಂಗೇರಿ ಕೆ-4 ಟೈಮ್ 2:55.188, ಎರಡನೇ ಬಂದ ಜರ್ಮನಿ 2:55.704. ಸಾವಿರ ಮೀಟರನ್ನ 175.188 ಸೆಕೆಂಡಿಂದ ಭಾಗಿಸಿ, ಸೆಕೆಂಡಿಗೆ 5.7 ಮೀಟರ್ ಬರುತ್ತೆ, ಅಂದ್ರೆ ಗಂಟೆಗೆ 20 ಕಿಲೋಮೀಟರ್ ಮೇಲೆ, ಖಾಲಿ ರೋಡಲ್ಲಿ ಸೈಕಲನ್ನ ಜೋರಾಗಿ ತುಳಿದ ಸ್ಪೀಡು, ಅದೂ ನೀರಿನ ಮೇಲೆ, ಬರೀ ತೋಳು ಕಾಲು ಸೊಂಟದ ಬಲದಲ್ಲಿ. ಅದಕ್ಕೆ 0.516 ಗುಣಿಸಿ. ಮೂರು ಮೀಟರ್ ಹತ್ರ ಬರುತ್ತೆ. ದೋಣಿ ಉದ್ದ 11 ಮೀಟರ್, ಅಂದ್ರೆ ಒಂದು ಕಿಲೋಮೀಟರ್ ಹುಟ್ಟು ಹಾಕಿ ಕಾಲು ದೋಣಿಗಿಂತ ಸ್ವಲ್ಪ ಜಾಸ್ತಿ ದೂರದಲ್ಲಿ ಗೆದ್ದಿದಾರೆ.

ಈಗ ಅಥೆನ್ಸ್. ಹಂಗೇರಿ 2:56.919, ಜರ್ಮನಿ 2:58.659. ಅದೇ ಲೆಕ್ಕ ಮಾಡಿ, ಹತ್ತು ಮೀಟರ್‌ಗೆ ಸ್ವಲ್ಪ ಕಮ್ಮಿ ಬರುತ್ತೆ. ಹತ್ರ ಹತ್ರ ಒಂದು ಪೂರ್ತಿ ದೋಣಿ! ಅದೇ ನಾಲ್ಕು ಜನ, ಅದೇ ಎದುರಾಳಿ ದೇಶ, ನಾಲ್ಕು ವರ್ಷ ವಯಸ್ಸು ಜಾಸ್ತಿ, ಗೆಲುವಿನ ಅಂತರ ಮೂರು ಪಟ್ಟು. ಬರೀ 'ಚಿನ್ನ, ಚಿನ್ನ' ಅಂತ ನೋಡಿದ್ರೆ ಎರಡೂ ಒಂದೇ ಥರ, ಮೀಟರ್ ಮಾಡಿ ನೋಡಿದ್ರೆ ಒಂದು ಕೂದಲೆಳೆ ಗೆಲುವು, ಇನ್ನೊಂದು ಯಾರಿಗೂ ಮಾತಾಡಕ್ಕೆ ಬಿಡದ ಗೆಲುವು.

ಇಲ್ಲಿ ಎಲ್ಲರೂ ಬೀಳೋ ಒಂದು ಗುಂಡಿ ಇದೆ, ನಾನೂ ಬಿದ್ದಿದೀನಿ. ಬೇರೆ ಬೇರೆ ದಿನದ, ಬೇರೆ ಬೇರೆ ಊರಿನ ಟೈಮ್ ಪಕ್ಕಪಕ್ಕ ಇಟ್ಟು ಯಾರು ಫಾಸ್ಟ್ ಅಂತ ತೀರ್ಮಾನ ಮಾಡ್ಬೇಡಿ. ಶ್ಟೋರ್ಟ್ಸ್ ಮತ್ತೆ ಕಮ್ಮೆರೆರ್ ಸಿಡ್ನೀಲಿ ಕೆ-2 500 ಗೆದ್ದ ಟೈಮ್ 1:47.055. ನಾಲ್ಕು ವರ್ಷ ಆದ್ಮೇಲೆ ಅಥೆನ್ಸಲ್ಲಿ ಅದೇ ಇವೆಂಟನ್ನ ಜರ್ಮನಿಯ ರೌಹೆ ಮತ್ತೆ ವೀಸ್ಕೋಟರ್ 1:27.040ಕ್ಕೆ ಗೆದ್ರು. ಇಪ್ಪತ್ತು ಸೆಕೆಂಡ್ ವ್ಯತ್ಯಾಸ! ಅಂದ್ರೆ ಸಿಡ್ನಿಯೋರು ಸೋಮಾರಿಗಳಾ? ಅಲ್ಲ. ಆವತ್ತು, ಅಂದ್ರೆ 2000 ಅಕ್ಟೋಬರ್ 1ಕ್ಕೆ, ಸಿಡ್ನಿ ಒಲಿಂಪಿಕ್ಸ್ ರೇಸ್ ನಡೆದ ಪೆನ್ರಿತ್‌ನ ಕೋರ್ಸಲ್ಲಿ ಗಾಳಿ ಆ ಪರಿ ಇತ್ತು, 500 ಮೀಟರ್ ಟೈಮ್‌ಗಳೆಲ್ಲಾ ಹಂಗೇ ಇವೆ, ಒಬ್ರ ದೋಣಿ ಕೆ-1 500 ಗೆದ್ದ ನಾರ್ವೆಯ ಹೋಲ್ಮನ್ ಅವರದ್ದೂ 1:57ರ ಮೇಲೆ. ಹಿಂದಿನ ದಿನ ಸೆಪ್ಟೆಂಬರ್ 30ಕ್ಕೆ ಅದೇ ಇಬ್ರು ಕೆ-4ನಲ್ಲಿ ಓಡಿಸಿದ ಟೈಮ್ ಮಾಮೂಲಾಗೇ ಇದೆ. ಒಂದು ರಾತ್ರಿ ಕಳೆಯೋದ್ರೊಳಗೆ ನೀರು ಬೇರೆ, ದೋಣಿ ಬೇರೆ, ದೂರ ಬೇರೆ, ಎರಡೂ ಚಿನ್ನ. ನನ್ನನ್ನ ಕೇಳಿದ್ರೆ ಅವರ ಕರಿಯರ್‌ನಲ್ಲಿ ಅತಿ ಕಷ್ಟದ ಗೆಲುವು ಆ 'ನಿಧಾನ'ದ್ದೇ, ಗಾಳಿ ಇದ್ದಾಗ ಇಬ್ರ ಲಯ ಒಂದು ಚೂರು ತಪ್ಪಿದ್ರೂ ದೋಣಿ ಕುಣಿಯಕ್ಕೆ ಶುರುಮಾಡುತ್ತೆ.

ಹಂಗಾಗಿ ನಿಯಮ ಇಷ್ಟೇ, ಒಂದೇ ರೇಸ್ ಒಳಗೆ ಟೈಮ್ ಹೋಲಿಸಿ, ಹೊರಗೆ ಹೋದ್ರೆ ಅಂತರ ಮಾತ್ರ ಹೋಲಿಸಿ.

ವಿಡಿಯೋ ನೋಡುವಾಗ

ಮೊದಲ ಸಲ ಸುಮ್ನೆ ನೋಡಿ. ಎರಡನೇ ಸಲ ಸೌಂಡ್ ಮ್ಯೂಟ್ ಮಾಡಿ ಒಂದೇ ದೋಣಿ ನೋಡಿ. ಕೆ-4ನಲ್ಲಿ ಮುಂದೆ ಕೂತೋರು ಲಯ ಕೊಡೋದು, ಹಿಂದಿನ ಚುಕ್ಕಾಣಿ ಕೂಡ ಅವರ ಕಾಲಿಗೇ ಇರುತ್ತೆ, ಹಿಂದಿರೋರು ಅವರ ಹುಟ್ಟನ್ನ ನೋಡಿ ನೋಡಿ ಹಾಕ್ಬೇಕು. ನಾಲ್ಕು ಅಲಗೂ ಒಂದೇ ಕ್ಷಣಕ್ಕೆ ನೀರಿಗೆ ಇಳೀತಿದೆಯಾ ನೋಡಿ. ನೀರು ಮೇಲಕ್ಕೆ ಚಿಮ್ಮಿದಷ್ಟೂ ಬಲ ವೇಸ್ಟ್. ದೋಣಿಯ ಮೂತಿ ಮೇಲೆ ಕೆಳಗೆ ಆಡ್ತಿದ್ರೆ ಸುಸ್ತಾಗಿದಾರೆ ಅಂತ. ಮೂರನೇ ಸಲ 15 ಸೆಕೆಂಡಲ್ಲಿ ಎಷ್ಟು ಹುಟ್ಟು ಹಾಕಿದ್ರು ಅಂತ ಎಣಿಸಿ ನಾಲ್ಕರಿಂದ ಗುಣಿಸಿ, ಎಡ ಬಲ ಎರಡೂ ಎಣಿಸ್ಬೇಕು, ಸ್ಟಾರ್ಟಲ್ಲಿ ಒಂದ್ಸಲ, ನಡುವೆ ಒಂದ್ಸಲ, ಕೊನೇಲಿ ಒಂದ್ಸಲ. ನಡುವಿನ ನಂಬರ್ ಕಮ್ಮಿ ಇದ್ದೂ ದೋಣಿ ಹಿಂದೆ ಬೀಳ್ತಾ ಇಲ್ಲ ಅಂದ್ರೆ ಒಳ್ಳೇ ಟೀಮು, ಒಂದೊಂದು ಹುಟ್ಟಿಗೂ ಜಾಸ್ತಿ ದೂರ ಹೋಗ್ತಿದೆ ಅಂತ ಅರ್ಥ.

ಲಿಸ್ಟಲ್ಲಿ ಹೆಸ್ರು ಬರೋ ಆರ್ಡರನ್ನ ಕೂರೋ ಆರ್ಡರ್ ಅಂದ್ಕೋಬೇಡಿ, ಯಾರು ಯಾವ ಸೀಟು ಅನ್ನೋದು ವಿಡಿಯೋ ನೋಡೇ ಬರ್ಕೊಳ್ಳಿ.

ಕೋಚ್ ಆದ್ಮೇಲಿನ ಪುಟ

ಇಲ್ಲಿಗೆ ಬಂದಾಗ ಮುಕ್ಕಾಲು ಜನ ತಪ್ಪು ಮಾಡ್ತಾರೆ, ಕೋಚ್ ಹೆಸರಿನ ಮುಂದೆ ಆ ವರ್ಷಗಳ ಎಲ್ಲಾ ಮೆಡಲ್ ಕೂಡಿಸಿ ಬರೆದುಬಿಡ್ತಾರೆ. ಹಂಗೇರೀಲಿ ಎರಡು ಬೇರೆ ಬೇರೆ ಹುದ್ದೆ ಇದೆ. ಒಂದು 'ಎಡ್ಝೋ', ಅಂದ್ರೆ ಕ್ಲಬ್ಬಲ್ಲಿ ದಿನಾ ಬೆಳಿಗ್ಗೆ ನೀರಿನ ಪಕ್ಕ ನಿಂತು ಹೇಳ್ಕೊಡೋ ಟ್ರೇನರ್. ಇನ್ನೊಂದು 'ಕಪಿತಾನ್', ಅಂದ್ರೆ ಫೆಡರೇಶನ್ ಕಡೆಯಿಂದ ಇಡೀ ದೇಶದ ಟೀಮ್ ನೋಡ್ಕೊಳೋರು, ಯಾರ್ಯಾರು ಹೋಗ್ಬೇಕು, ಯಾರ ಹಿಂದೆ ಯಾರು ಕೂರ್ಬೇಕು ಅನ್ನೋ ಮಾತು ಕೊನೆಗೆ ಬಂದು ನಿಲ್ಲೋದು ಇವರ ಹತ್ರ. ನಮ್ಮ ಕ್ರಿಕೆಟ್ ಕ್ಯಾಪ್ಟನ್ ಥರ ಅಲ್ಲ, ಸೆಲೆಕ್ಟರ್ ಮತ್ತೆ ಹೆಡ್ ಕೋಚ್ ಸೇರಿಸಿದ ಥರ, ಬೈಗುಳಾನೂ ಇಬ್ಬರದ್ದು ಸೇರಿಸಿ ಬರುತ್ತೆ.

ಶ್ಟೋರ್ಟ್ಸ್ ಆಗಿದ್ದು ಈ ಎರಡನೇದು. 2012 ಲಂಡನ್, 2016 ರಿಯೋ ಎರಡಕ್ಕೂ ಹಂಗೇರಿ ಟೀಮ್‌ನ ಕಪಿತಾನ್ ಅವರೇ. ಈಗ ನೋಟ್‌ಬುಕ್‌ನ ಮೂರನೇ ಕಾಲಂಗೆ ಬನ್ನಿ, ಆಟಗಾರನಾಗಿದ್ದಾಗ ಅಲ್ಲಿ 'ಇವರ ಜೊತೆ ಯಾರು ಕೂತಿದ್ರು' ಅಂತ ಬರ್ದ್ವಿ, ಈಗ ಅದೇ ಕಾಲಂನಲ್ಲಿ 'ಇವರ ಟೈಮಲ್ಲಿ ಯಾರ ಜೊತೆ ಯಾರು ಕೂತ್ರು' ಅಂತ ಬರೀಬೇಕು. ಕಪಿತಾನ್‌ನ ಅರ್ಧ ಕರಿಯರ್ ಇರೋದೇ ಆ ಕಾಲಂನಲ್ಲಿ.

ಲಂಡನ್ ಬರೀರಿ. ಮೂರು ಚಿನ್ನ: ದನುತಾ ಕೊಝಾಕ್ ಒಬ್ರೇ ಕೆ-1 500, ಹೆಂಗಸರ ಕೆ-4 500ನಲ್ಲಿ ಗಬ್ರಿಯೆಲಾ ಸಾಬೋ, ಕೊಝಾಕ್, ಕತಲಿನ್ ಕೊವಾಚ್, ಕ್ರಿಸ್ತೀನಾ ಫಝೆಕಶ್, ಗಂಡಸರ ಕೆ-2 1000ನಲ್ಲಿ ರುದೋಲ್ಫ್ ದೋಂಬಿ ಮತ್ತೆ ರೋಲಂದ್ ಕೋಕೇನ್ಯ್. ಆಮೇಲೆ ಬೆಳ್ಳಿಗಳ ಕಡೆ ಕಣ್ಣು ಹಾಯ್ಸಿ, ಗಂಡಸರ ಕೆ-4 1000 ಬೆಳ್ಳಿ ದೋಣೀಲಿ ಒಂದು ಹೆಸ್ರು ನಿಮಗೆ ಗೊತ್ತಿರೋದೇ. ಝೋಲ್ತಾನ್ ಕಮ್ಮೆರೆರ್. ಸಿಡ್ನೀಲಿ ಶ್ಟೋರ್ಟ್ಸ್ ಜೊತೆ ಇಬ್ರೇ ಕೂತು ಗಾಳೀಲಿ ಗೆದ್ದೋರು, ಅಥೆನ್ಸಲ್ಲೂ ಜೊತೇಲಿದ್ದೋರು, 12 ವರ್ಷ ಆದ್ಮೇಲೂ ದೋಣೀಲೇ ಇದಾರೆ, ಶ್ಟೋರ್ಟ್ಸ್ ದಡದಲ್ಲಿ ನಿಂತಿದಾರೆ, ಅದೂ ಇಬ್ರೂ ಸೇರಿ ಎರಡು ಸಲ ಚಿನ್ನ ಗೆದ್ದಿದ್ದ ಅದೇ ಇವೆಂಟಲ್ಲಿ. ಹಳೇ ಗೆಳೆಯನ್ನ ಟೀಮಲ್ಲಿ ಇಟ್ಕೊಂಡು ನಿರ್ಧಾರ ತಗೊಳೋ ಕಷ್ಟ ಹೆಂಗಿರುತ್ತೆ ಅಂತ ಆಫೀಸಲ್ಲಿ ಜೊತೇಲಿದ್ದೋರಿಗೇ ಮ್ಯಾನೇಜರ್ ಆದೋರ್ನ ಕೇಳಿ ನೋಡಿ. ಈ ಎಳೆ ಯಾವ ಮೆಡಲ್ ಟೇಬಲ್ಲಲ್ಲೂ ಸಿಗಲ್ಲ, ಜೊತೆಗಾರರ ಕಾಲಂನಲ್ಲಿ ಮಾತ್ರ ಸಿಗುತ್ತೆ.

ರಿಯೋ ಬರೀರಿ. ಅಲ್ಲೂ ಮೂರು ಚಿನ್ನ, ಆದ್ರೆ ಲಂಡನ್ ಥರ ಹರಡಿಕೊಂಡಿಲ್ಲ, ಮೂರರಲ್ಲೂ ಕೊಝಾಕ್ ಇದಾರೆ: ಒಬ್ರೇ ಕೆ-1 500, ಸಾಬೋ ಜೊತೆ ಕೆ-2 500, ಸಾಬೋ, ತಮಾರಾ ಚಿಪೆಶ್, ಫಝೆಕಶ್ ಜೊತೆ ಕೆ-4 500. ಒಂದೇ ಒಲಿಂಪಿಕ್ಸಲ್ಲಿ ಈ ಮೂರೂ ಗೆದ್ದ ಮೊದಲ ಹೆಂಗಸು ಅವರೇ. ಇದನ್ನ ಕಪಿತಾನ್ ಲೆಕ್ಕದಲ್ಲಿ ಓದೋದು ಹೇಗೆ? ಒಬ್ರನ್ನೇ ಮೂರು ದೋಣೀಲಿ ಕೂರ್ಸೋದು ಅಂದ್ರೆ ಜೂಜು, ಹೀಟ್ಸು ಸೆಮಿಫೈನಲ್ ಎಲ್ಲಾ ಸೇರಿ ಎಷ್ಟು ಸಲ ನೀರಿಗಿಳೀಬೇಕು ಲೆಕ್ಕ ಹಾಕಿ, ಕೈ ಬತ್ತಿಹೋದ್ರೆ ಮೂರೂ ಹೋಗುತ್ತೆ. ಫಲ ಕೊಟ್ತು. ಹಾಗಂತ ಮೂರು ಚಿನ್ನವನ್ನೂ ಕಪಿತಾನ್ ಖಾತೆಗೆ ಹಾಕ್ಬೇಡಿ, ಅವರನ್ನ ದಿನಾ ತಯಾರು ಮಾಡಿದ ಎಡ್ಝೋ ಬೇರೆ ಇರ್ತಾರೆ.

ಹೋಲಿಕೆಗೆ ಇನ್ನೊಬ್ರು

ಒಬ್ರನ್ನೇ ಓದಿದ್ರೆ ಅಂದಾಜು ಸಿಗಲ್ಲ, ಪಕ್ಕದಲ್ಲಿ ಇನ್ನೊಬ್ರನ್ನ ಇಡ್ಬೇಕು. ಅದಕ್ಕೇ ಆಗ ರೋಝ್ನ್ಯೋಯಿ ಹೆಸ್ರು ಹೇಳಿದ್ದು. ಅವರ ಒಲಿಂಪಿಕ್ ಮೆಡಲ್ ಒಂದೇ, 1968ರ ಕೆ-2 500 ಬೆಳ್ಳಿ. ಆದ್ರೆ ಎಡ್ಝೋ ಆಗಿ ಅವರ ಕೈಲಿ ಬೆಳೆದೋರನ್ನ ನೋಡಿ, ಕತಲಿನ್ ಕೊವಾಚ್ ಮತ್ತೆ ನತಾಶಾ ಯಾನಿಚ್. ಈ ಜೋಡಿ 2004ರಲ್ಲೂ 2008ರಲ್ಲೂ ಕೆ-2 500 ಚಿನ್ನ ಗೆದ್ತು, ಅಂದ್ರೆ ಗುರು ಬೆಳ್ಳಿಗೆ ನಿಂತಿದ್ದ ಅದೇ ದೋಣಿ ಅದೇ ದೂರದಲ್ಲಿ ಶಿಷ್ಯೆಯರು ಎರಡು ಸಲ ಚಿನ್ನ. ಕೊವಾಚ್ ವಿಶ್ವ ಚಾಂಪಿಯನ್‌ಶಿಪ್ ಚಿನ್ನಗಳೇ 31.

ಆ ಜೋಡಿಯ ಜೊತೆಗಾರರ ಕಾಲಂ ಇನ್ನೂ ಮಜಾ. ಆಗ ಒಂದು ದೇಶಕ್ಕೆ ಒಂದು ಇವೆಂಟಲ್ಲಿ ಒಂದೇ ದೋಣಿ. ಹಂಗೇರೀಲಿ ವಿಶ್ವ ಮಟ್ಟದ ಕಯಾಕರ್‌ಗಳು ಸಾಲುಗಟ್ಟಿ ನಿಂತಿರ್ತಾರೆ, ಹಂಗಾಗಿ ಒಲಿಂಪಿಕ್ ಫೈನಲ್‌ಗಿಂತ ಮನೇಲಿ ನಡೆಯೋ ಸೆಲೆಕ್ಷನ್ ರೇಸೇ ಭಯಂಕರ. 2004ರಲ್ಲಿ ಕೆ-1 500 ಸೀಟು ಯಾನಿಚ್‌ಗೆ ಹೋಯ್ತು, ಅಷ್ಟೊತ್ತಿಗಾಗ್ಲೇ ವಿಶ್ವ ಚಾಂಪಿಯನ್ ಆಗಿದ್ದ ಕೊವಾಚ್‌ಗೆ ಸಿಗ್ಲಿಲ್ಲ. ಯಾನಿಚ್ ಹೋಗಿ ಆ ಚಿನ್ನ ಗೆದ್ರು. ಅದೇ ಅಥೆನ್ಸಲ್ಲಿ ಅದೇ ಇಬ್ರು ಒಂದೇ ದೋಣೀಲಿ ಕೂತು ಇನ್ನೊಂದು ಚಿನ್ನ ಗೆದ್ರು. ಸೀಟಿಗೋಸ್ಕರ ಎದುರುಬದುರು ನಿಂತೋರು ಒಬ್ರ ಬೆನ್ನು ನೋಡ್ಕೊಂಡು ಒಬ್ರು ಹುಟ್ಟು ಹಾಕೋದು, ಇಬ್ರಿಗೂ ಹೇಳ್ಕೊಡೋರು ಒಬ್ರೇ ಆಗಿರೋದು, ನಮ್ಮ ಕಡೆ ಆಗಿದ್ರೆ ಎರಡು ಬಣ ಆಗಿ ಮೀಟಿಂಗಲ್ಲಿ ಕುರ್ಚಿ ಹಾರ್ತಿತ್ತು.

ಹಂಗಾಗಿ ಯಾವುದೇ ಹಂಗೇರಿ ಕೋಚ್‌ನ ಓದುವಾಗ ಒಲಿಂಪಿಕ್ ವರ್ಷದ ಸೆಲೆಕ್ಷನ್ ರೇಸ್ ರಿಸಲ್ಟನ್ನೂ ಹುಡುಕಿ, ಅವರ ಭಾಷೇಲಿ 'ವಾಲೋಗತೋ' ಅಂತಾರೆ. ಯಾರು ಹೋದ್ರು ಅನ್ನೋದರ ಜೊತೆ ಯಾರನ್ನ ಬಿಟ್ರು ಅಂತಾನೂ ಬರೀರಿ.

ಐದನೇ ಕಾಲಂ

ಕೊನೇ ಕಾಲಂ ತುಂಬ್ಸೋದು ಬೇಗ ಆಗುತ್ತೆ. ಗಂಡಸರ ಕೆ-2 500, ಶ್ಟೋರ್ಟ್ಸ್ ಗೆದ್ದಿದ್ದು, 2008 ಆದ್ಮೇಲೆ ಒಲಿಂಪಿಕ್ಸಿಂದ ತೆಗೆದ್ರು, ಲಂಡನ್‌ನಲ್ಲಿ 200 ಮೀಟರ್ ಬಂತು. ಗಂಡಸರ ಕೆ-4 1000 ಕೊನೇ ಸಲ ಇದ್ದಿದ್ದು ರಿಯೋದಲ್ಲಿ, ಟೋಕಿಯೋದಿಂದ ಅದು 500 ಮೀಟರ್. ಹಂಗಾಗಿ ಈಗಿನ ಕೆ-4 ಫೈನಲ್ ನೋಡಿ 'ಅವರ ಕಾಲದ್ದಕ್ಕಿಂತ ಎಷ್ಟು ಬೇಗ ಮುಗೀತು' ಅನ್ಬೇಡಿ, ರೇಸೇ ಅರ್ಧ. ಒಂದು ದೇಶಕ್ಕೆ ಒಂದೇ ದೋಣಿ ಅನ್ನೋದೂ ಆಮೇಲೆ ಸಡಿಲ ಆಯ್ತು, ಟೋಕಿಯೋದಲ್ಲಿ ಕೆ-1 1000 ಚಿನ್ನ ಬಾಲಿಂತ್ ಕೋಪಸ್, ಬೆಳ್ಳಿ ಆದಾಮ್ ವರ್ಗಾ, ಇಬ್ರೂ ಹಂಗೇರಿ. 2004ರಲ್ಲಿ ಇದಿದ್ದಿದ್ರೆ ಕೊವಾಚ್ ಕಥೆ ಬೇರೆ ಇರ್ತಿತ್ತು.

ಕೆ-2 500 ಮಾತ್ರ 2024ರ ಪ್ಯಾರಿಸಲ್ಲಿ ವಾಪಸ್ ಬಂತು, ಹಂಗೇರಿಯ ಬೆಂತ್ಸೆ ನಾದಶ್ ಮತ್ತೆ ಶಾಂದೋರ್ ತೋತ್ಕಾ ಬೆಳ್ಳಿ ತಗೊಂಡ್ರು. ನೀವು ಪ್ರಾಕ್ಟೀಸ್ ಶುರುಮಾಡಕ್ಕೆ ಅದೇ ಒಳ್ಳೇ ರೇಸು, ಚಿಕ್ಕದು, ವಿಡಿಯೋನೂ ಕ್ಲಿಯರ್ ಇರುತ್ತೆ. ಸಿಡ್ನಿ ಫೈನಲ್ ಒಂದ್ಸಲ, ಪ್ಯಾರಿಸ್ ಫೈನಲ್ ಒಂದ್ಸಲ ಹಾಕ್ಕೊಳ್ಳಿ, ಎರಡಕ್ಕೂ ಮೊದಲನೇ ಮತ್ತೆ ಎರಡನೇ ದೋಣಿ ನಡುವಿನ ಸೆಕೆಂಡನ್ನ ಮೀಟರ್ ಮಾಡಿ, 6.5ರಿಂದ ಭಾಗಿಸಿ ಎಷ್ಟು ದೋಣಿ ಅಂತರ ಅಂತ ಬರ್ಕೊಳ್ಳಿ, ಮುಂದಿನ ಸೀಟಲ್ಲಿ ಯಾರಿದಾರೆ ಅಂತಾನೂ ನೋಡಿ.